ಕರ್ಪೂರಮರದ ಪೆಟ್ಟಿಗೆ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ದಿನವೂ ಬೆಳಿಗ್ಗೆ ನನ್ನ ಮನಸ್ಸನ್ನು ಶೋಧಿಸಿ ನೋಡುತ್ತೇನೆ. ಅದರಲ್ಲಿ ಗರ್ವ ನನಗೆ ಕಾಣುವುದಿಲ್ಲ. ಆದರೂ ಜೊತೆಯವರು ನನ್ನನ್ನು ಗರ್ವಿ ಎನ್ನುತ್ತಾರೆ. ನನ್ನ ಮನಸ್ಸು ನನಗಿಂತ ಅವರಿಗೆ ಹೆಚ್ಚು ಗೊತ್ತೇ?"

ಗುರುಗಳು ಹೇಳಿದರು:

ಇನ್ನೂರು ವರ್ಷಗಳ ಹಿಂದೆ ಅಮೆರಿಕದ ಒಂದು ಬಂದರಿನಿಂದ ಹಡಗೊಂದು ಚೀನಾಕ್ಕೆ ಹೋಯಿತು. ತುಪ್ಪುಳದ ಚರ್ಮ ಕೊಟ್ಟು ಚಹಾ ತರುವುದು ಅದರ ಕೆಲಸ. ಅದರ ಕಪ್ತಾನನ ಮೂಗು ಹೆಸರಾದದ್ದು. ಅವನು ಮೂಸಿ ಒಪ್ಪಿದ ಚಹಾ ಎಂದರೆ ಊರಿನಲ್ಲಿ ಎರಡನೆಯ ಮಾತಿರಲಿಲ್ಲ. ಆ ಹೆಸರೇ ಅವನ ಆಸ್ತಿ.

ಆ ಹಡಗುಗಳಲ್ಲಿ ಒಂದು ಪದ್ಧತಿ ಇತ್ತು. ಒಡೆಯನ ಸರಕಿನ ಜೊತೆಗೆ, ಹಡಗಿನಲ್ಲಿ ದುಡಿಯುವ ಪ್ರತಿಯೊಬ್ಬನಿಗೂ ಸ್ವಂತ ಸಾಮಾನು ಇಡಲು ತಳದಲ್ಲಿ ಒಂದಿಷ್ಟು ಜಾಗ. ನಾವಿಕನಿಗೆ ಒಂದು ಪೆಟ್ಟಿಗೆಯಷ್ಟು, ಕಪ್ತಾನನಿಗೆ ಅದರ ಹತ್ತರಷ್ಟು. ಆದರೆ ವಾಸನೆಯ ವಸ್ತು ಕೂಡದು. ಚಹಾ ಪಕ್ಕದ ವಾಸನೆಯನ್ನೆಲ್ಲ ಕುಡಿದುಬಿಡುತ್ತದೆ.

ಚೀನಾದಿಂದ ಹೊರಡುವ ದಿನ ಕಪ್ತಾನ ಒಬ್ಬೊಬ್ಬರ ಸಾಮಾನನ್ನೂ ಮೂಸಿ ನೋಡಿದ. ಒಬ್ಬ ನಾವಿಕ ತಾಯಿಗೆಂದು ಕರ್ಪೂರಮರದ ಪುಟ್ಟ ಪೆಟ್ಟಿಗೆ ಕೊಂಡಿದ್ದ. ಕಪ್ತಾನ ಅದನ್ನು ಅಂಗಡಿಗೆ ಹಿಂದಿರುಗಿಸಲು ಹೇಳಿದ. ನಾವಿಕ ಎದುರು ಮಾತಾಡದೆ ಹಿಂದಿರುಗಿಸಿ, ಆ ಜಾಗದಲ್ಲಿ ಒಂದು ಪೆಟ್ಟಿಗೆ ಚಹಾ ಇಟ್ಟುಕೊಂಡ.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಮಗಳ ಮದುವೆಗೆಂದು ಕಪ್ತಾನ ತಾನೂ ಒಂದು ಕರ್ಪೂರಮರದ ಪೆಟ್ಟಿಗೆ ಕೊಂಡಿದ್ದ, ಅದರ ತುಂಬ ರೇಷ್ಮೆ. ಅದಕ್ಕೆ ಮೂರು ಸುತ್ತು ಚಾಪೆ ಸುತ್ತಿಸಿ ತನ್ನ ಜಾಗದಲ್ಲಿ ಇಡಿಸಿದ.

ಅವನ ಕೈಕೆಳಗಿನ ಅಧಿಕಾರಿ ಹೇಳಿದ: "ಕಪ್ತಾನರೇ, ಚಾಪೆಗೆ ವಾಸನೆ ನಿಲ್ಲುವುದಿಲ್ಲ."

"ವಾಸನೆ ಬಂದರೆ ನನಗೇ ಮೊದಲು ಗೊತ್ತಾಗುತ್ತದೆ," ಎಂದ ಕಪ್ತಾನ.

ಹಡಗು ಐದು ತಿಂಗಳು ನಡೆಯಿತು. ಪ್ರತಿ ಭಾನುವಾರ ಕಪ್ತಾನ ಒಂದು ಚಹಾ ಪೆಟ್ಟಿಗೆ ತೆರೆಸಿ ಮೂಸುತ್ತಿದ್ದ. ಚಹಾ ಕಾಯಿಸಿ ಎಲ್ಲರಿಗೂ ಕೊಡುತ್ತಿದ್ದ. ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು. ಎಚ್ಚರಿಸಿದ ಅಧಿಕಾರಿಯೂ ಹೇಳಿದ. ಅವರಲ್ಲಿ ಒಬ್ಬನೂ ಸುಳ್ಳು ಹೇಳಲಿಲ್ಲ, ಅದೇ ನನಗೆ ಸಂಕಟದ ಮಾತು.

ಊರು ಬಂತು. ಚಹಾ ವ್ಯಾಪಾರಿ ಹಡಗು ಹತ್ತಿ, ಮೊದಲ ಪೆಟ್ಟಿಗೆ ತೆರೆದು ಮುಖ ತಿರುಗಿಸಿದ. "ಕರ್ಪೂರ," ಎಂದ. ಕಪ್ತಾನ ಹತ್ತು ಪೆಟ್ಟಿಗೆ ತೆರೆಸಿದ. ಹತ್ತಕ್ಕೂ ಅದೇ ಮಾತು. ಕಪ್ತಾನ ತಾನೇ ಮೂಸಿದ. ಚಹಾದ ವಾಸನೆಯಷ್ಟೇ ಬಂತು. ಬೆಲೆ ಇಳಿಸಲು ಹೂಡಿದ ಆಟವೆಂದು ವ್ಯಾಪಾರಿಯನ್ನು ಬೈದು ಕಳಿಸಿದ. ಸರಕು ಹಡಗಿನಲ್ಲೇ ಉಳಿಯಿತು. ಅವನು ಮನೆಗೆ ಹೋದ.

ಹತ್ತು ದಿನ ಕಳೆದವು. ಮದುವೆ ಹತ್ತಿರ ಬಂತು. ಮಗಳ ಪೆಟ್ಟಿಗೆ ತರಲೆಂದು ಕಪ್ತಾನ ಮತ್ತೆ ಹಡಗಿಗೆ ಬಂದು, ತಳಕ್ಕಿಳಿಯುವ ಏಣಿಯ ಮೇಲೆ ಕಾಲಿಟ್ಟ. ಎರಡನೆಯ ಮೆಟ್ಟಿಲಿನಲ್ಲೇ ನಿಂತುಬಿಟ್ಟ. ಹಡಗಿಗೆ ಹಡಗೇ ಕರ್ಪೂರ ನಾರುತ್ತಿತ್ತು.

ಮೆಲ್ಲನೆ ಇಳಿದ. ತಾಯಿಯ ಪೆಟ್ಟಿಗೆ ಹಿಂದಿರುಗಿಸಿದ ನಾವಿಕನ ಚಹಾವನ್ನು ಹುಡುಕಿ ತೆಗೆದು ಮೂಸಿದ. ಅದೂ ಕರ್ಪೂರ. ಅಲ್ಲೇ ನೆಲದ ಮೇಲೆ ಕುಳಿತು ಅತ್ತ. ಆಮೇಲೆ ಮಗಳ ಪೆಟ್ಟಿಗೆಯಿಂದ ರೇಷ್ಮೆ ತೆಗೆದಿಟ್ಟು, ಖಾಲಿ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಆ ನಾವಿಕನ ತಾಯಿಯ ಮನೆಯನ್ನು ಕೇಳುತ್ತ ನಡೆದ. ಮತ್ತೆ ಯಾರೂ ಅವನಿಗೆ ಹಡಗು ಕೊಡಲಿಲ್ಲ. ಅವನು ಕೇಳಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಅಷ್ಟು ದೊಡ್ಡ ಮೂಗಿನವನು, ಐದು ತಿಂಗಳು ಮೂಸಿಯೂ ತಿಳಿಯದೆ ಹೋದನಲ್ಲ," ಎಂದ.

ಗುರುಗಳು ಹೇಳಿದರು: "ಅವನು ಹತ್ತು ದಿನವಾದರೂ ಹಡಗು ಇಳಿದಿದ್ದ, ನೀನು ಇನ್ನೂ ಹಡಗಿನಲ್ಲೇ ಕೂತು ಮೂಸುತ್ತಿದ್ದೀಯೆ."