ತಾರೆಮರದ ಮಣ್ಣಿನ ಗೋಡೆ

ಮಕ್ಕಳೇ, ಮಂಗಟ್ಟೆ ಹಕ್ಕಿಯನ್ನು ನೀವು ನೋಡಿದ್ದೀರೋ ಇಲ್ಲವೋ. ಮೈಗಿಂತ ಮೊದಲು ಕೊಕ್ಕೇ ಕಣ್ಣಿಗೆ ಬೀಳುವ ಹಕ್ಕಿ ಅದು. ಹಳ್ಳದ ದಂಡೆಯ ಕಾಡಿನಲ್ಲಿ, ಒಂದು ದೊಡ್ಡ ತಾರೆಮರದ ಪೊಟರೆಯಲ್ಲಿ, ದ್ಯಾವಕ್ಕ ಎಂಬ ಮಂಗಟ್ಟೆ ಬಾಣಂತನಕ್ಕೆ ಕೂತಿದ್ದಳು.

ಮಂಗಟ್ಟೆಗಳ ಬಾಣಂತನ ನಮ್ಮ ಮನೆಗಳಲ್ಲಿ ಆಗುವ ಹಾಗಲ್ಲ. ತಾಯಿ ಪೊಟರೆಯೊಳಗೆ ಸೇರಿ, ಬಾಗಿಲಿಗೆ ಮಣ್ಣು ಮೆತ್ತಿ ಗೋಡೆ ಕಟ್ಟಿಕೊಂಡುಬಿಡುತ್ತಾಳೆ. ಕೊಕ್ಕು ತೂರುವಷ್ಟು ಒಂದೇ ಒಂದು ಸೀಳು ಬಿಡುತ್ತಾಳೆ. ಗಂಡ ಬೈರಣ್ಣ ದಿನವಿಡೀ ಅತ್ತಿಹಣ್ಣು ತಂದು ಆ ಸೀಳಿನಲ್ಲೇ ಕೊಡಬೇಕು. ಒಳಗೆ ಕೂತವಳ ರೆಕ್ಕೆಯ ಗರಿಗಳೆಲ್ಲ ಉದುರಿರುತ್ತವೆ, ಹಾರಲು ಬಾರದು. ಅವಳಿಗೂ ಅವಳ ಒಂದೇ ಮರಿಗೂ ಆ ಗೋಡೆ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ.

ಅದೇ ಮರದ ಮೇಲಿನ ಕೊಂಬೆಯಲ್ಲಿ ಕೆಂಚಪ್ಪ ಎಂಬ ಕೆಂದಳಿಲು ಇದ್ದ. ಒಳ್ಳೆಯವನೇ. ಆದರೆ ಒಂದು ಚಟ. ಕಣ್ಣಿಗೆ ಬಿದ್ದದ್ದರ ಮೇಲೆಲ್ಲ ತನ್ನ ಹಲ್ಲಿನ ಗುರುತು ಒತ್ತದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಮರಕುಟಿಗನ ಬಾಗಿಲ ಮೇಲೂ ಅವನ ಗುರುತು, ಆಮೆ ನಿದ್ದೆ ಮಾಡುತ್ತಿದ್ದಾಗ ಆಮೆಯ ಚಿಪ್ಪಿನ ಮೇಲೂ ಅವನ ಗುರುತು.

ಒಂದು ದಿನ ಬೆಳಿಗ್ಗೆ ಬೈರಣ್ಣ ಹಣ್ಣಿಗೆ ಹೋಗಿದ್ದ. ನುಣ್ಣಗೆ ಒಣಗಿದ್ದ ಆ ಗೋಡೆ ಕೆಂಚಪ್ಪನ ಕಣ್ಣಿಗೆ ಬಿತ್ತು. ತಡೆಯಲಾಗಲಿಲ್ಲ. ಬಾಯಿ ಹಾಕಿದ. ಒಂದು ಹೆಂಟೆ ಕಳಚಿ ಕೆಳಗೆ ಬಿತ್ತು.

"ಯಾರದು?" ಒಳಗಿನಿಂದ ದ್ಯಾವಕ್ಕ ಕೂಗಿದಳು.

ತೂತು ಸೊಟ್ಟಗಾಗಿತ್ತು, ಕೆಂಚಪ್ಪ ಅದನ್ನು ದುಂಡಗೆ ಮಾಡಲು ಹೊರಟ. ದುಂಡಗಾಗುವಷ್ಟರಲ್ಲಿ ಅರ್ಧ ಗೋಡೆ ನೆಲದ ಮೇಲಿತ್ತು. ಉಳಿದ ಅರ್ಧದ ಮೇಲೆ ತನ್ನ ಗುರುತು ಒತ್ತಿ ಮನೆಗೆ ಹೋಗಿ ಮಲಗಿದ.

ಸಂಜೆಯೊಳಗೆ ಮರದಡಿ ಪಂಚಾಯಿತಿ ಸೇರಿತು. ನ್ಯಾಯ ಹೇಳುವವರು ಕಾಟಿ ಯಜಮಾನರು. ಕಾಟಿ ಅಂದರೆ ಕಾಡುಕೋಣ. ಅವರು ಮೆಲುಕು ಹಾಕಿ ಮುಗಿಸದೆ ಒಂದು ಮಾತೂ ಆಡುವವರಲ್ಲ. ಎಲ್ಲರೂ ಕಾದರು.

"ಈ ಹಲ್ಲಿನ ಗುರುತು ಮುಳ್ಳುಹಂದಿಯದೇ ಇರಬೇಕು," ಎಂದರು ಯಜಮಾನರು ಕೊನೆಗೆ. "ಒರಟು ಕೆಲಸ."

ಅಲ್ಲಿಯವರೆಗೆ ಏನೂ ಅರಿಯದವನಂತೆ ಕೂತಿದ್ದ ಕೆಂಚಪ್ಪನ ಮೈ ಉರಿದುಹೋಯಿತು. "ಒರಟಾ? ಸರಿಯಾಗಿ ನೋಡಿ ಯಜಮಾನ್ರೇ! ಮುಳ್ಳುಹಂದಿಗೆ ಏಳು ಜನ್ಮ ಎತ್ತಿದರೂ ಇಂಥ ಗುರುತು ಒತ್ತಕ್ಕೆ ಬರ್ತದಾ?"

ಗುರುತು ಯಾರದೆಂದು ಅವನೇ ಹೇಳಿದಂತಾಯಿತು. ಮುಳ್ಳುಹಂದಿ ಎದ್ದು ಮನೆಗೆ ಹೋಯಿತು.

"ತಪ್ಪು ಮೂರು," ಎಂದರು ಯಜಮಾನರು. "ಇನ್ನೊಬ್ಬರ ಗೋಡೆ ಒಡೆದದ್ದು ಒಂದು. ಒಳಗೆ ಬಾಣಂತಿ ಇದ್ದಾಳೆ ಅಂತ ಗೊತ್ತಿದ್ದೂ ಒಡೆದದ್ದು ಎರಡು. ಒಡೆದು ರುಜು ಹಾಕಿದ್ದು ಮೂರು."

"ತಪ್ಪಾಯ್ತು ಅಂದ್ರೆ ಮುಗೀತಲ್ಲ?" ಎಂದ ಕೆಂಚಪ್ಪ.

"ಉಡಕ್ಕೆ ಹೇಳು ಆ ಮಾತನ್ನ," ಎಂದ ಬೈರಣ್ಣ. "ಬೆಳಗಿನಿಂದ ಹಳ್ಳದ ಆಚೆ ನಾಲಿಗೆ ಚಾಚ್ತಾ ಕೂತಿದೆ. ನನ್ನ ಮರಿಯ ವಾಸನೆ ಅದಕ್ಕೆ ಹೋಗಿಯಾಗಿದೆ."

ಯಜಮಾನರು ಇನ್ನೊಂದು ಸುತ್ತು ಮೆಲುಕು ಹಾಕಿದರು. "ಗೋಡೆ ಏಳೋವರೆಗೂ ನೀನೇ ಗೋಡೆ, ಕೆಂಚಪ್ಪ. ಬೈರಣ್ಣ ಹಣ್ಣಿಗೆ ಹೋದಾಗ ಆ ತೂತಿಗೆ ಬೆನ್ನು ಕೊಟ್ಟು ಕೂರು. ಅವನು ಬಂದಾಗ ಹಳ್ಳದಿಂದ ಮಣ್ಣು ತಂದುಕೊಡು. ಉಡ ಒಳಗೆ ಹೊಕ್ಕರೆ ನಿನಗೆ ಈ ಕಾಡೂ ಇಲ್ಲ, ಈ ಹಳ್ಳವೂ ಇಲ್ಲ."

ಮರುದಿನ ಬೆಳಿಗ್ಗೆಯೇ ಕೆಂಚಪ್ಪ ಗೋಡೆಯಾದ. ಬೆನ್ನ ಹಿಂದೆ ಮರಿ ಅವನ ಬಾಲವನ್ನು ಹುಳು ಎಂದು ತಿಳಿದು ಕುಕ್ಕುತ್ತಿತ್ತು. ಬೈರಣ್ಣ ಬಂದೊಡನೆ ಕೆಂಚಪ್ಪ ಹಳ್ಳಕ್ಕೆ ಓಡಿ ಬಾಯಿ ತುಂಬ ಮಣ್ಣು ತಂದ.

ದ್ಯಾವಕ್ಕ ಒಂದು ಚೂರು ಮುಟ್ಟಿ ನೋಡಿದಳು. "ಇದು ಮರಳು. ಬೇರೆ ತಾ."

ಬೇರೆ ತಂದ.

"ಕಲ್ಲಿದೆ. ಆರಿಸಿ ತಾ."

ಕೆಂಚಪ್ಪ ಮೊದಲ ಸಲ ಅವಳ ಕೆಲಸವನ್ನು ನೋಡಿದ. ಒಂದೊಂದು ಕಾಳಿನಷ್ಟೇ ಮಣ್ಣು ಇಟ್ಟು, ಕೊಕ್ಕಿನ ಪಕ್ಕದಿಂದ ತಟ್ಟಿ ತಟ್ಟಿ ಕೂರಿಸುತ್ತಿದ್ದಳು. ಮಧ್ಯಾಹ್ನದವರೆಗೆ ಎದ್ದದ್ದು ಅವನ ಒಂದು ಕಿವಿಯಷ್ಟು ಗೋಡೆ. ಇದನ್ನೇ ತಾನು ಬಾಯಿ ಮುಚ್ಚಿ ತೆರೆಯುವುದರೊಳಗೆ ಕೆಡವಿದ್ದ.

ಮೂರನೆಯ ದಿನ ಬಿಸಿಲೇರಿದ ಮೇಲೆ ಉಡ ಮರ ಹತ್ತಿ ಬಂತು.

"ಜರುಗು," ಎಂದಿತು.

"ಆಗಲ್ಲ. ನಾನು ಗೋಡೆ," ಎಂದ ಕೆಂಚಪ್ಪ. ಹಲ್ಲು ಕಟಕಟ ಎನ್ನುತ್ತಿತ್ತು.

"ಗೋಡೆ ಮಾತಾಡ್ತದಾ?"

"ಮೊನ್ನೆಯಿಂದ ಮಾತಾಡ್ತದೆ."

ಉಡ ಪಂಜ ಬೀಸಿತು. ಕೆಂಚಪ್ಪನ ಹೆಗಲು ಹರಿದು ರಕ್ತ ಬಂತು. ಓಡಿಹೋಗಬಹುದಿತ್ತು, ಮೇಲಿನ ಕೊಂಬೆ ಒಂದೇ ನೆಗೆತದ ದೂರ. ಆದರೆ ಹಿಂದೆ ಮರಿ ಕುಕ್ಕುವುದನ್ನು ನಿಲ್ಲಿಸಿ ಅವನ ಬೆನ್ನಿಗೆ ಒತ್ತಿಕೊಂಡು ನಡುಗುತ್ತಿತ್ತು. ಕೆಂಚಪ್ಪ ಕದಲಲಿಲ್ಲ. ಉಡ ಮತ್ತೆ ಮೂತಿ ಚಾಚಿದಾಗ, ಆ ಮೂತಿಯ ಮೇಲೇ ಕಚಕ್ಕನೆ ಕಚ್ಚಿ ಹಿಡಿದ. ಉಡ ಬುಸುಗುಟ್ಟಿ ಕೆಳಗೆ ಬಿದ್ದು, ಪೊದೆ ಸೇರಿತು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಎಂಟನೆಯ ದಿನ ಗೋಡೆ ಎದ್ದಿತು. ಶಿಕ್ಷೆ ಮುಗಿಯಿತು. ಆದರೂ ಕೆಂಚಪ್ಪ ಅಲ್ಲಿಂದ ಹೋಗಲಿಲ್ಲ. ಗೋಡೆಯ ಮೇಲೆ ಇರುವೆ ಹರಿದರೆ ಗದರಿಸಿದ. ಗಾಳಿ ಜೋರಾದರೆ ಗಾಳಿಗೂ ಬೈದ. ಬಂದವರಿಗೆಲ್ಲ, "ದೂರ ನಿಂತು ನೋಡಿ. ಆ ಎಡಗಡೆಯ ಮಣ್ಣು ಪೂರ್ತಿ ನಾನು ತಂದದ್ದು," ಎನ್ನುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಗೋಡೆಯಲ್ಲಿ ಟಕ್ ಟಕ್ ಸದ್ದಾಯಿತು. ಒಂದು ಹೆಂಟೆ ಉದುರಿತು. ಇನ್ನೊಂದು ಉದುರಿತು. ಒಳಗಿನಿಂದ ದ್ಯಾವಕ್ಕನೇ ಕುಟ್ಟುತ್ತಿದ್ದಳು!

"ಅಯ್ಯಯ್ಯೋ, ದ್ಯಾವಕ್ಕ, ಏನು ಮಾಡ್ತಿದ್ದೀಯಾ? ನಿಲ್ಲಿಸು!"

ದ್ಯಾವಕ್ಕ ನಿಲ್ಲಿಸಲಿಲ್ಲ. ಕೆಂಚಪ್ಪ ಏದುಸಿರು ಬಿಡುತ್ತ ಯಜಮಾನರ ಹತ್ತಿರ ಓಡಿದ. ಅವರು ಮೆಲುಕು ಹಾಕುತ್ತಿದ್ದರು. ಕಾದ.

"ಯಜಮಾನ್ರೇ, ಗೋಡೆ ಒಡೀತಿದ್ದಾರೆ! ಕೇಸು ಹಾಕಿ!"

"ಗೋಡೆ ಯಾರದು?"

"ದ್ಯಾವಕ್ಕಂದು."

"ಒಡೀತಿರೋದು ಯಾರು?"

"ದ್ಯಾವಕ್ಕ."

"ಅವಳಿಗೆ ಗರಿ ಬಂದಿದೆ, ಮರಿಗೆ ರೆಕ್ಕೆ ಬಲಿತಿದೆ. ಇನ್ನು ಗೋಡೆ ಯಾಕೆ? ಕಟ್ಟಿದವಳು ಕೆಡವಿಕೊಂಡು ಹೊರಗೆ ಬರ್ತಾಳೆ. ಹೋಗು," ಎಂದರು ಯಜಮಾನರು.

ಕೆಂಚಪ್ಪ ಮರಳುವಷ್ಟರಲ್ಲಿ ಪೊಟರೆ ಖಾಲಿಯಾಗಿತ್ತು. ಮೂರು ಮಂಗಟ್ಟೆಗಳು ಹಳ್ಳದ ಮೇಲೆ ಹಾರುತ್ತಿದ್ದವು. ಬುಡದಲ್ಲಿ ಬಿದ್ದಿದ್ದ ಹೆಂಟೆಗಳ ಪಕ್ಕ ಕೂತು ಅವನು ಗಳಗಳ ಅತ್ತ. ತಾನು ಕೆಡವಿದ ದಿನ ದ್ಯಾವಕ್ಕನೂ ತನ್ನ ಗೋಡೆಯ ಚೂರುಗಳನ್ನು ಹೀಗೇ ನೋಡಿರಬೇಕು, ಅದೂ ಹಾರಲು ಬಾರದೆ, ಮಗ್ಗುಲಲ್ಲಿ ಮರಿ ಇಟ್ಟುಕೊಂಡು ಎಂಬುದು ಅವನಿಗೆ ಆಗ ತಿಳಿಯಿತು.

ನೀತಿ: ಇನ್ನೊಬ್ಬರು ಕಟ್ಟಿಕೊಂಡದ್ದನ್ನು ಕೆಡಿಸಿದವನು ಅದನ್ನು ಮೈಮುರಿದು ದುಡಿದೇ ತುಂಬಿಕೊಡಬೇಕು, ಕೆಡವುವ ಹಕ್ಕು ಕಟ್ಟಿಕೊಂಡವರಿಗೆ ಮಾತ್ರ.