ಬಳೆಗಾರನ ಮಗಳು

“ಗುರುಗಳೇ, ನನ್ನ ಮಗನಿಗೆ ಇನ್ನೂ ಮೂರು ತುಂಬಿಲ್ಲ. ಬೇಕೆಂದದ್ದು ಸಿಗದಿದ್ದರೆ ನೆಲಕ್ಕೆ ಬಿದ್ದು ಹೊರಳಾಡಿ ಭೂಮಿ ಆಕಾಶ ಒಂದು ಮಾಡುತ್ತಾನೆ. ಹೊಡೆದರೆ ರಂಪ ಇನ್ನೂ ಹೆಚ್ಚುತ್ತದೆ. ಕೇಳಿದ್ದು ಕೊಟ್ಟರೆ ನಾಳೆ ಮತ್ತೆ ಅದೇ ಪಾಡು. ಈ ಹಟ ಬಿಡಿಸುವುದು ಹೇಗೆ?” ಎಂದು ಶಿಷ್ಯ ಗುರುಪಾದಪ್ಪ ಕೇಳಿದ. ಅವನ ಕೆನ್ನೆಯ ಮೇಲೆ ಪುಟ್ಟ ಉಗುರಿನ ಗೀರಿತ್ತು. ಗುರುಗಳು ಅದನ್ನು ನೋಡಿ ನಕ್ಕು, ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಬಳೆ ತೊಡಿಸುವುದರಲ್ಲಿ ಅವನದು ಎತ್ತಿದ ಕೈ. ಹೊಸ ಮದುಮಗಳು ಹೆದರಿ ಕೈ ಬಿಗಿಹಿಡಿದರೆ ಅವನು ಬಳೆಯನ್ನು ಮುಟ್ಟುತ್ತಲೇ ಇರಲಿಲ್ಲ. ಅವಳ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಗೆಣ್ಣುಗಳನ್ನು ಮೆಲ್ಲಗೆ ಒತ್ತುತ್ತ, ತವರಿನ ಸುದ್ದಿ ಕೇಳುತ್ತ ಕೂರುತ್ತಿದ್ದ. ಮಾತಿನ ನಡುವೆ ಕೈ ತಾನಾಗಿ ಸಡಿಲವಾಗುತ್ತಿತ್ತು. ಬಳೆ ಏರಿದ್ದು ಅವಳಿಗೇ ತಿಳಿಯುತ್ತಿರಲಿಲ್ಲ.

ಇಂಥವನಿಗೆ ಒಬ್ಬಳೇ ಮಗಳು. ಎರಡೂವರೆ ವರ್ಷದ ಪೋರಿ, ಅಪ್ಪನ ಪ್ರಾಣ. ಒಂದು ದಿನ ಮನೆಗೆ ನೆಂಟರು ಬಂದರು. ಬಳೆಗಾರನ ಮಗಳ ಕೈಯೇ ಬರಿದಾಗಿದ್ದರೆ ನಾಲ್ಕು ಜನ ಏನೆಂದಾರು ಎಂದು ಅವನು ಪುಟ್ಟ ಹಸಿರು ಬಳೆಗಳನ್ನು ತೆಗೆದ. ಅವಳಿಗೋ ಅಮ್ಮನ ಕೈಯಲ್ಲಿದ್ದಂಥ ದೊಡ್ಡ ಬಳೆಯೇ ಬೇಕು. ದೊಡ್ಡದು ಕೈಯಲ್ಲಿ ನಿಲ್ಲುವುದಿಲ್ಲ, ಬಿದ್ದು ಒಡೆಯುತ್ತದೆ ಎಂದು ತಿಳಿಹೇಳಿದ. ಆ ವಯಸ್ಸಿನಲ್ಲಿ ತಿಳಿಹೇಳಿದರೆ ಯಾರು ಕೇಳುತ್ತಾರೆ! ಅವಳು ಅಂಗಾತ ಬಿದ್ದು ಕಾಲು ಬಡಿದಳು. ಬೆಲ್ಲ ತೋರಿಸಿದ, ಎಸೆದಳು. ಗದರಿದ, ಉಸಿರು ಕಟ್ಟುವಂತೆ ಅತ್ತಳು. ನೆಂಟರು ನೋಡುತ್ತಿದ್ದರು. ಅವನ ಸಹನೆಯ ಕಟ್ಟೆಯೊಡೆಯಿತು. ಮಗಳ ಮುಚ್ಚಿದ ಮುಷ್ಟಿಯನ್ನು ಹಿಡಿದೆಳೆದು ಬಳೆ ತುರುಕಿದ. ಬಳೆ ಒಡೆದು ಅವಳ ಕೈಯಲ್ಲಿ ರಕ್ತ ಜಿನುಗಿತು.

ಗಾಯ ಸಣ್ಣದೇ. ಆದರೆ ಒರೆಸಲೆಂದು ಅವನು ಕೈ ಚಾಚಿದಾಗ ಮಗು ಬೆಚ್ಚಿ ಅಮ್ಮನ ಸೆರಗಿನ ಹಿಂದೆ ಅಡಗಿತು. ಮಗಳು ಇನ್ನು ಈ ಕೈಗೆ ಬಾರಳೇನೋ ಎಂದು ಅಂಜಿದ.

ಹೆಂಡತಿ ಗಾಯಕ್ಕೆ ಅರಿಸಿನ ಒತ್ತುತ್ತ, “ಊರ ಹೆಣ್ಮಕ್ಕಳ ಕೈ ಸಡಿಲ ಆಗೋ ತನಕ ಕಾಯ್ತೀರಲ್ಲ, ನಮ್ಮ ಕೂಸು ಏನು ಪಾಪ ಮಾಡಿತ್ತು?” ಎಂದಳು.

“ನೆಂಟರು ನೋಡ್ತಿದ್ರಲ್ಲೇ,” ಎಂದ. ಅಂದ ಮೇಲೆ ತನ್ನ ಮಾತಿಗೆ ತಾನೇ ನಾಚಿದ.

ಬಳೆಗಳನ್ನೆಲ್ಲ ಎತ್ತಿಟ್ಟ. ದೊಡ್ಡದನ್ನು ಕೊಡಲೂ ಇಲ್ಲ, ಪುಟ್ಟದನ್ನು ತೊಡು ಎನ್ನಲೂ ಇಲ್ಲ. ಮಗುವಿನಿಂದ ತುಸು ದೂರದಲ್ಲಿ ನೆಲದ ಮೇಲೆ ಕುಳಿತು ಅಂಗೈ ಬಿಚ್ಚಿಟ್ಟುಕೊಂಡ. ನೆಂಟರು ಏನೆಂದುಕೊಂಡರೋ, ಅತ್ತ ತಿರುಗಿಯೂ ನೋಡಲಿಲ್ಲ. ಮಗು ಅತ್ತಿತು, ಬಿಕ್ಕಿತು, ಸೆರಗಿನ ಮರೆಯಿಂದ ಇಣುಕಿತು. ಅಪ್ಪ ಅಲ್ಲೇ ಇರುವುದನ್ನು ಕಂಡು ಇನ್ನೊಂದಿಷ್ಟು ಅತ್ತಿತು. ಕೊನೆಗೆ ಮೂಗು ಸುರಿಸುತ್ತ ಬಂದು ತೊಡೆಯೇರಿ, ಅರಿಸಿನ ಹಚ್ಚಿದ ಕೈಯನ್ನು ಅವನ ಅಂಗೈಯಲ್ಲಿಟ್ಟಿತು. ಬಳೆಗಾರ ಆ ಪುಟ್ಟ ಗೆಣ್ಣುಗಳನ್ನು ಒತ್ತುತ್ತ ತಾನೂ ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಅಂದಿನಿಂದ ಮಗು ಹಟ ಬಿಟ್ಟಿತೇ?” ಎಂದು ಗುರುಪಾದಪ್ಪ ಆಸೆಯಿಂದ ಕೇಳಿದ.

“ಎಲ್ಲಿಯ ಮಾತು! ಮರುದಿನ ಅಪ್ಪನ ರುಮಾಲೇ ಬೇಕೆಂದು ಬೀದಿಯಲ್ಲಿ ಹೊರಳಾಡಿತು,” ಎಂದು ಗುರುಗಳು ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: “ಅಂದು ಹಟ ಬಿಟ್ಟವನು ಅಪ್ಪ.”