ಮೋಂಮ್ಯುಯೆ: ಗಂಟೆಯಿದ್ದೂ ಮೂಕವಾದ ಗುಡ್ಡ

ಫ್ರಾನ್ಸಿನ ಪೂರ್ವದ ಅಂಚಿನಲ್ಲಿ, ಜೂರಾ ಬೆಟ್ಟಗಳ ನಡುವೆ, ಒಂದು ಗುಡ್ಡದ ಮೈಗೆ ಅಂಟಿಕೊಂಡಂತೆ ಮೋಂಮ್ಯುಯೆ ಎಂಬ ಪುಟ್ಟ ಊರಿದೆ. ಇನ್ನೂರ ಹನ್ನೆರಡು ಜನ, ಅದಕ್ಕಿಂತ ಹೆಚ್ಚು ಹಸುಗಳು. ಇಷ್ಟಕ್ಕೇ ಒಂದು ಪುರಸಭೆ, ಅದಕ್ಕೊಬ್ಬ ಮೇಯರ್! ನಮ್ಮ ಕಡೆ ಇಷ್ಟು ಜನ ಮದುವೆಯ ಮೊದಲ ಪಂಕ್ತಿಗೇ ಕೂತುಬಿಡುತ್ತಾರೆ. ಊರ ಹೆಸರಿನ ಅರ್ಥ ಮೂಕ ಗುಡ್ಡ. ಆದರೆ ಗುಡ್ಡದ ನೆತ್ತಿಯ ಮೇಲೆ ನೋಡಿದರೆ ದೊಡ್ಡದೊಂದು ಗಂಟೆ ತೂಗುತ್ತಿದೆ. ಇದೇನು ಹೀಗೆ ಎಂದು ಕೇಳಿದರೆ, ಪುರಸಭೆಯ ಹಿರಿಯ ಕಾರ್ಯದರ್ಶಿ ಓದಿಲ್ ವುಯಿಯೆ ಕನ್ನಡಕ ತೆಗೆದಿಟ್ಟು ಕಥೆ ಶುರುಮಾಡುತ್ತಾರೆ.

ಹಿಂದೆ ಒಮ್ಮೆ, ಊರಿಗೆ ಇಗರ್ಜಿಯ ಗಂಟೆಯೂ ಇಲ್ಲದಿದ್ದ ಕಾಲದಲ್ಲಿ, ಹನ್ನೊಂದು ಮನೆಗಳ ಗಂಡಸರು ಗಾಲಿಯಾಕಾರದ ಚೀಸಿನ ದೊಡ್ಡ ಗಟ್ಟಿಗಳನ್ನು ಬೆನ್ನಿಗೆ ಹೊತ್ತು ಕಣಿವೆಯಾಚೆಯ ಸಂತೆಗೆ ಹೋಗಿದ್ದರಂತೆ. ಮರಳುವಾಗ ಹಾಡಹಗಲೇ ಚಾಚಿದ ಕೈ ಕಾಣದಂಥ ಮಂಜು ಕವಿಯಿತು. ದಾರಿಯ ಪಕ್ಕದಲ್ಲೇ ಪ್ರಪಾತ. ಇಂಥ ಹೊತ್ತಿನಲ್ಲಿ ಮನೆಯವರು ತಮ್ಮ ಹಸುವಿನ ಕೊರಳಗಂಟೆ ಬಿಚ್ಚಿ ಬಾಗಿಲಲ್ಲಿ ನಿಂತು ಬಾರಿಸುವುದು, ಹೋದವರು ತಮ್ಮ ಗಂಟೆಯ ದನಿ ಗುರುತಿಸಿ ಬರುವುದು ಅಲ್ಲಿಯ ವಾಡಿಕೆ. ಆ ದಿನ ಹನ್ನೊಂದು ಮನೆಯವರೂ ಒಟ್ಟಿಗೇ ಬಾರಿಸಿದರು. ದನಿಗೆ ದನಿ ಬೆರೆತು, ಬೆಟ್ಟಗಳೂ ಅದನ್ನೇ ಮರುನುಡಿದು, ಸದ್ದು ಎಲ್ಲ ದಿಕ್ಕಿನಿಂದಲೂ ಬರತೊಡಗಿತು. ಪ್ರಪಾತದ ಕಡೆಯಿಂದ ಗಂಡಸರ ಕೂಗು ಕೇಳಿಸಿತು.

ತಪ್ಪು ಹೊಳೆದದ್ದು, ಸಂತೆಗೆ ಹೋದವರಲ್ಲಿ ಒಬ್ಬನಾದ ಆಂಸೆಲ್ಮನ ಹೆಂಡತಿ ಪೆರ್ನೆತ್‌ಗೆ. "ನಿಲ್ಸಿ! ಒಂದೇ ಗಂಟೆ ಬಾರಿಸ್ಬೇಕು, ಗುಡ್ಡದ ಮೇಲಿಂದ!"

"ಯಾರ ಮನೇದು?"

"ಯಾರದು ದೊಡ್ಡದೋ ಅವರದು."

ದೊಡ್ಡದು ಅವಳದಾಗಿರಲಿಲ್ಲ. ತನ್ನ ಹಟಮಾರಿ ಗಂಡ ಸ್ವಂತ ಗಂಟೆಯನ್ನಲ್ಲದೆ ಬೇರೆಯದನ್ನು ನಂಬುವವನಲ್ಲವೆಂದೂ ಅವಳಿಗೆ ಗೊತ್ತಿತ್ತು. ಆದರೂ ಎಲ್ಲರಿಗಿಂತ ಮೊದಲು ತನ್ನ ಗಂಟೆಯೊಳಗೆ ಹುಲ್ಲು ತುರುಕಿದವಳು ಅವಳೇ. ಎಂಥ ಎದೆಗಾರಿಕೆ! ಒಂದೊಂದೇ ಮನೆ ಸುಮ್ಮನಾಯಿತು. ಒಂಟಿ ಗಂಟೆಯ ಜಾಡು ಹಿಡಿದು ಹತ್ತು ಜನ ಗುಡ್ಡ ಹತ್ತಿ ಬಂದರು. ಆಂಸೆಲ್ಮ್ ಬರಲಿಲ್ಲ. ಮಂಜು ಕರಗಿದಾಗ ಅವನು ದಾರಿಯಂಚಿನ ಬಂಡೆಯ ಮೇಲೆ, ಊರ ಕಡೆ ಕಿವಿಗೊಟ್ಟು ಕೂತಲ್ಲೇ ಚಳಿಗೆ ಮರಗಟ್ಟಿ ಸತ್ತಿದ್ದ ಎನ್ನುತ್ತಾರೆ. ಬಾರಿಸಿದ ಒಂದು ಗಂಟೆಯ ಹೆಸರಲ್ಲ, ಸುಮ್ಮನಾದ ಹತ್ತು ಗಂಟೆಗಳ ಹೆಸರು ಗುಡ್ಡಕ್ಕೂ ಊರಿಗೂ ನಿಂತಿತು.

ಇಂದಿಗೂ ಮಂಜು ಇಳಿದರೆ ಹಸುಗಳ ಗಂಟೆಗಳಿಗೆಲ್ಲ ಹುಲ್ಲು ತುರುಕುತ್ತಾರೆ. ಅಷ್ಟು ದೊಡ್ಡ ಮಂದೆ ಸದ್ದಿಲ್ಲದೆ ಹಾದುಹೋಗುವುದನ್ನು ಕಂಡು ಪ್ರವಾಸಿಗರಿಗೆ ಮೈ ಜುಮ್ಮೆನ್ನುತ್ತದೆ. ಮಂಜು ಕರಗಿದ ಮೇಲೆ ಮೊದಲು ಬಾರಿಸುವುದು ಪೆರ್ನೆತ್ ಮನೆತನದ ಗಂಟೆ. ಅಲ್ಲಿಯವರೆಗೆ ಬೇರೆ ಯಾರೂ ಹುಲ್ಲು ತೆಗೆಯುವುದಿಲ್ಲ. ಯಾಕೆಂದು ಕೇಳಿದೆ.

"ಅವನು ಇನ್ನೂ ಕಾಯ್ತಾ ಇದ್ದಾನಲ್ಲ" ಎಂದರು ಓದಿಲ್.